ಜೆಬೆಲ್ ಅಲಿಯ ಗೋದಾಮಿನಲ್ಲೊಂದು ಅಡುಗೆಮನೆ

ಹೋದ ತಿಂಗಳು ಊಟದ ಮೇಜು ನೋಡಲಿಕ್ಕೆಂದು ಇವರು ನನ್ನನ್ನು ಜೆಬೆಲ್ ಅಲಿಯ ಒಂದು ಗೋದಾಮಿಗೆ ಕರೆದುಕೊಂಡು ಹೋದರು. ಅಂಗಡಿಗಿಂತ ಅಲ್ಲಿ ಅಗ್ಗ ಎಂದು ಇವರ ಆಫೀಸಿನಲ್ಲಿ ಯಾರೋ ಹೇಳಿದ್ದರಂತೆ. ತಗಡಿನ ದೊಡ್ಡ ಬಾಗಿಲು ದಾಟಿ ಒಳಗೆ ಕಾಲಿಟ್ಟೆ. ಹೊಸದಾಗಿ ಕೊಯ್ದ ಪ್ಲೈವುಡ್ಡಿನ ವಾಸನೆ, ಅದರ ಮೇಲೆ ಇನ್ನೂ ಒಣಗದ ಬಣ್ಣದ ವಾಸನೆ, ಜೊತೆಗೆ ದೂಳು ತಿಂದ ಏಸಿಯ ತಣ್ಣನೆ ಗಾಳಿ. ನನಗೆ ತಲೆನೋವು ಶುರುವಾಯಿತು. ಇವರು ಮೇಜಿನ ಕಾಲನ್ನು ಅಲ್ಲಾಡಿಸಿ ನೋಡುತ್ತ, "ಎಂತ ಆಯ್ತು, ಬೇಡವಾ ಇದು?" ಎಂದರು. ಮೇಜು ಚೆನ್ನಾಗಿಯೇ ಇತ್ತು. ತಲೆನೋವು ಮೇಜಿನದ್ದಲ್ಲ, ಬರ್ನಾರ್ಡ್ ಎಂಬ ಹಿರಿಯರೊಬ್ಬರದ್ದು.

ಕೆಲವು ವರ್ಷಗಳ ಹಿಂದೆ, ಏಪ್ರಿಲ್ ಕಳೆದು ಸೆಖೆ ಏರುವ ಹೊತ್ತಿನಲ್ಲಿ, ಇದೇ ಸಾಲಿನ ಇನ್ನೊಂದು ಗೋದಾಮಿನಲ್ಲಿ ನಾವು ಹಿಮ ಬೀಳಿಸುತ್ತಿದ್ದೆವು. ಹೊರಗೆ ಚಪ್ಪಲಿ ಡಾಂಬರಿಗೆ ಅಂಟುವಷ್ಟು ಬಿಸಿಲು. ಒಳಗೆ ಅಮೆರಿಕದ ಯಾವುದೋ ಹಳ್ಳಿಯ ಅಡುಗೆಮನೆ. ಅದಕ್ಕೆ ಮೂರೇ ಗೋಡೆ. ನಾಲ್ಕನೆಯ ಕಡೆ ಕ್ಯಾಮೆರಾ, ದೀಪಗಳು ಮತ್ತು ನಾವು. ಕಿಟಕಿಯ ಆಚೆ ಏಣಿ ಹತ್ತಿದ ಇಬ್ಬರು ಕಾಗದದ ಚೂರುಗಳನ್ನು ಜರಡಿ ಹಿಡಿದು ಉದುರಿಸುತ್ತಿದ್ದರು. ಆ ಹಿಮ ನನ್ನ ಕೂದಲಿಗೆ, ಬ್ಯಾಗಿಗೆ, ಗಂಜಿಯ ಡಬ್ಬಿಗೆ, ಕೊನೆಗೆ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನಮ್ಮ ಮನೆಯ ಹಾಸಿಗೆಗೂ ಬಂತು. ಮಗಳು ಶ್ರಾವ್ಯ ತಲೆದಿಂಬು ಕೊಡವುತ್ತ, "ಅಮ್ಮಾ, ಯು ಆರ್ ಶೆಡ್ಡಿಂಗ್" ಎನ್ನುತ್ತಿದ್ದಳು, ಕೂದಲು ಉದುರಿಸುವ ಬೆಕ್ಕಿಗೆ ಹೇಳುವ ಹಾಗೆ.

ನನ್ನ ಕೆಲಸಕ್ಕೆ ಸಿನಿಮಾದವರು ಕಂಟಿನ್ಯುಟಿ ಎನ್ನುತ್ತಾರೆ. ಒಂದೇ ದೃಶ್ಯವನ್ನು ಅವರು ಬೇರೆ ಬೇರೆ ಕೋನದಿಂದ, ಬೇರೆ ಬೇರೆ ದಿನ ತೆಗೆಯುತ್ತಾರೆ. ಇಂದಿನ ತುಣುಕಿನಲ್ಲಿ ಲೋಟ ಬಲಗಡೆ ಇದ್ದರೆ ನಾಳೆಯ ತುಣುಕಿನಲ್ಲೂ ಬಲಗಡೆಯೇ ಇರಬೇಕು, ಅಷ್ಟೇ ಚಹಾ ಉಳಿದಿರಬೇಕು, ಅಂಗಿಯ ಅದೇ ಗುಂಡಿ ಬಿಚ್ಚಿರಬೇಕು. ಇಲ್ಲವಾದರೆ ಎರಡನ್ನು ಜೋಡಿಸಿದಾಗ ಲೋಟ ತನ್ನಷ್ಟಕ್ಕೆ ಹಾರಿದ ಹಾಗೆ ಕಾಣುತ್ತದೆ. ಅದನ್ನು ಹಾರಲು ಬಿಡದವಳು ನಾನು. ಮದುವೆಯಾಗಿ ಪಡುಬಿದ್ರಿಯಿಂದ ಅರಬರ ಈ ನಾಡಿಗೆ ಬಂದವಳು, ಜುಮೇರಾ ಲೇಕ್ ಟವರ್ಸ್‌ನ ಒಂದು ಜಾಹೀರಾತು ಕಂಪೆನಿಯಲ್ಲಿ ಫೋನ್ ಎತ್ತುವ ಕೆಲಸಕ್ಕೆ ಸೇರಿದ್ದೆ. ಒಂದು ದಿನ ಸಾಬೂನಿನ ಜಾಹೀರಾತು ನೋಡುತ್ತ, "ಈ ಹುಡುಗಿಯ ಕಿವಿಯೋಲೆ ಆಗ ಬೇರೆ ಇತ್ತಲ್ಲ" ಎಂದುಬಿಟ್ಟೆ. ಅಲ್ಲಿಂದ ಇದೇ ಹಣೆಬರಹ.

ಬರ್ನಾರ್ಡ್ ಸಾಹೇಬರ ಕೆಲಸಕ್ಕೆ ನನ್ನನ್ನು ಎಳೆದವನು ವಿನ್ಸೆಂಟ್. ಮಂಗಳೂರಿನ ಕೊಂಕಣಿಯವನು, ಪ್ರೊಡಕ್ಷನ್ ಮ್ಯಾನೇಜರ್. ನನಗಿಂತ ಎರಡು ವರ್ಷ ದೊಡ್ಡವನಾದರೂ ಎಲ್ಲರ ಎದುರು ನನ್ನನ್ನು ಅಕ್ಕ ಎಂದೇ ಕರೆಯುತ್ತಾನೆ.

"ಅಕ್ಕ, ಹಾಲಿವುಡ್ಡಿನ ಡೈರೆಕ್ಟರ್. ದೊಡ್ಡ ಹೆಸರು. ಹೊರಗಿನ ಶೂಟಿಂಗ್ ಎಲ್ಲ ಆಗಿದೆ, ಒಳಗಿನದ್ದು ಮಾತ್ರ ಇಲ್ಲಿ. ಒಂದೇ ರೂಮು, ಒಂದೇ ಮೇಜು, ಇಬ್ರೇ ಆ್ಯಕ್ಟರು. ನೀವು ನಿದ್ದೆಯಲ್ಲೂ ಮಾಡ್ಲಿಕ್ಕೆ ಆಗ್ತದೆ."

ನಿದ್ದೆ ಹಾಳಾದದ್ದೇ ಆ ಕೆಲಸದಿಂದ.

ಕತೆ ಸುಲಭದ್ದೇ ಇತ್ತು. ಬಹಳ ಕಾಲ ಮಾತು ಬಿಟ್ಟ ಅಣ್ಣ ತಮ್ಮ, ಹಿಮ ಬಿದ್ದು ದಾರಿ ಮುಚ್ಚಿದ ಒಂದು ದಿನ, ತಮ್ಮನ ಅಡುಗೆಮನೆಯಲ್ಲಿ ಎದುರುಬದುರು ಕೂರಬೇಕಾಗುತ್ತದೆ. ಸಂಜೆ ಹಿಮ ನಿಲ್ಲುತ್ತದೆ. ತಮ್ಮ ಮಲಗಲು ಹೋಗುತ್ತಾನೆ. ನನಗೆ ಕೊಟ್ಟ ಸ್ಕ್ರಿಪ್ಟಿನ ಕೊನೆಯ ಪುಟದಲ್ಲಿ ಒಂದೇ ಸಾಲು: ಅಣ್ಣ ಮೇಜಿನಿಂದ ಏಳುತ್ತಾನೆ. ಎದ್ದು ಎಲ್ಲಿಗೆ ಹೋಗುತ್ತಾನೆ, ಹೋಗುತ್ತಾನೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ. ನಾನು ಮೊದಲ ದಿನವೇ ಕೇಳಿದೆ. ಬರ್ನಾರ್ಡ್, "ಅದು ಬರುತ್ತದೆ" ಎಂದರು, ಬಸ್ಸು ಬರುತ್ತದೆ ಎನ್ನುವ ಹಾಗೆ.

ಎಂಬತ್ತು ದಾಟಿದ ಮನುಷ್ಯ. ಉದ್ದಕ್ಕೆ, ಸ್ವಲ್ಪ ಬಾಗಿ, ಕುತ್ತಿಗೆಗೆ ಕನ್ನಡಕ ಕಟ್ಟಿಕೊಂಡು ಓಡಾಡುತ್ತಿದ್ದರು. ಕುತ್ತಿಗೆಯಲ್ಲಿದ್ದ ಕನ್ನಡಕವನ್ನೇ ದಿನಕ್ಕೆ ನಾಲ್ಕು ಸಲ ಹುಡುಕಿಸುತ್ತಿದ್ದರು. ಕೇಟರಿಂಗಿನವರು ತಂದ ಪಾಸ್ತಾ ಅವರಿಗೆ ಸೇರುತ್ತಿರಲಿಲ್ಲ. ಒಂದು ಮಧ್ಯಾಹ್ನ ನನ್ನ ಪಕ್ಕ ಕುರ್ಚಿ ಎಳೆದುಕೊಂಡು, "ಈ ಬಿಳಿ ಸೂಪ್ ಏನು?" ಎಂದು ಕೇಳಿದರು. ಕುಚ್ಚಲಕ್ಕಿ ಗಂಜಿ ಎಂದೆ. ಒಂದು ಚಮಚ ಕೊಟ್ಟದ್ದೇ ತಪ್ಪಾಯಿತು. ಮರುದಿನದಿಂದ ನಾನು ಎರಡು ಡಬ್ಬಿ ತರಬೇಕಾಯಿತು, ಉಪ್ಪಿನಕಾಯಿ ಬೇರೆ. ವಿನ್ಸೆಂಟ್ ದೂರದಿಂದ ನೋಡಿ ನಗುತ್ತಿದ್ದ. "ಅಕ್ಕ, ಹಾಲಿವುಡ್ಡಿಗೆ ಗಂಜಿ ಕುಡಿಸಿದವರು ಪಡುಬಿದ್ರಿಯಲ್ಲಿ ನೀವೊಬ್ರೇ."

ಗಂಜಿ ಕುಡಿಯುತ್ತ ಅವರು ತಮ್ಮ ಜೀವನ ಹೇಳುತ್ತಿದ್ದರು. ಅದು ಇನ್ನೊಂದು ಕಾಟ. ಸೋಮವಾರದ ಕತೆಯಲ್ಲಿ ಅವರು ಎಡಿಟಿಂಗ್ ಕೋಣೆಯಲ್ಲಿ ಫಿಲ್ಮಿನ ತುಂಡು ಗುಡಿಸುತ್ತ ಈ ಲೈನಿಗೆ ಬಂದವರು. ಬುಧವಾರದ ಕತೆಯಲ್ಲಿ ಒಬ್ಬ ನಟಿಯ ಕಾರು ಓಡಿಸುತ್ತಿದ್ದವರು. ಮೊದಲ ಮದುವೆ ಒಮ್ಮೆ ಮೊದಲ ಸಿನಿಮಾದ ಮುಂಚೆ ಆಗುತ್ತಿತ್ತು, ಇನ್ನೊಮ್ಮೆ ಎರಡನೆಯ ಸಿನಿಮಾ ಸೋತ ಮೇಲೆ. ನನ್ನ ಕಿವಿ ಇಂಥದ್ದನ್ನು ಬಿಡುವುದಿಲ್ಲ.

"ಸರ್, ಮೊನ್ನೆ ಕಾರು ಓಡಿಸ್ತಿದ್ದೆ ಅಂದ್ರಿ."

"ಅದು ಬೇರೆ ಟೇಕು" ಎಂದು ಅವರು ಉಪ್ಪಿನಕಾಯಿಗೆ ಕೈ ಹಾಕಿದರು.

ಒಂದು ಕತೆ ಮಾತ್ರ ಪ್ರತಿ ಸಲವೂ ಒಂದೇ ರೀತಿ ಬರುತ್ತಿತ್ತು. ಅವರಿಗೆ ಹೆಸರು ತಂದ ಸಿನಿಮಾದ ಕತೆ ಅದು. ಒಬ್ಬ ಹೆಂಗಸು ಮನೆ ಬಿಟ್ಟು ಬಸ್ಸು ಹತ್ತುತ್ತಾಳೆ. ಬಸ್ಸು ಹೋಗುತ್ತದೆ, ಅಲ್ಲಿಗೆ ಮುಗಿಯಬೇಕು. ಸ್ಟುಡಿಯೋದವರಿಗೆ ಅದು ಬೇಡವಾಯಿತು. ಬರ್ನಾರ್ಡರನ್ನು ಕೇಳದೆ, ಅವರ ಸಹಾಯಕನನ್ನೇ ಕಳಿಸಿ, ಆ ಹೆಂಗಸು ಬಸ್ಸಿನಿಂದ ಇಳಿದು ಮನೆಗೆ ಓಡಿಬರುವುದನ್ನು ತೆಗೆಸಿ ಸೇರಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಹುಮಾನ ಬಂತು. ಆಮೇಲೆ ಜೀವನವಿಡೀ, ಎಲ್ಲಿ ಹೋದರೂ, ಆ ಓಡಿಬರುವ ದೃಶ್ಯವನ್ನು ಹೇಗೆ ತೆಗೆದಿರಿ ಎಂದೇ ಕೇಳಿದರು. ನಂತರದ ಸಿನಿಮಾಗಳ ಕೊನೆಯನ್ನೂ ಯಾರಾದರೊಬ್ಬರು ಬದಲಿಸುತ್ತಲೇ ಬಂದರು, ಅವೂ ಒಂದೊಂದಾಗಿ ಸೋತವು. ಕೊನೆಗೆ ನಾಯಿಬಿಸ್ಕತ್ತಿನ ಜಾಹೀರಾತು ಮಾಡಿಕೊಂಡಿದ್ದರು. ಈ ಅಡುಗೆಮನೆಯ ಸಿನಿಮಾಕ್ಕೆ ಇಲ್ಲಿನ ಹಣವಂತರು ಮುಂದೆ ಬಂದಾಗ ಬರ್ನಾರ್ಡ್ ಹಾಕಿದ ಷರತ್ತು ಒಂದೇ: ಕೊನೆ ನನ್ನದು. ಹಣ ಹಾಕುವವರು ಒಪ್ಪಿದರು. ತಮ್ಮದೊಂದು ಷರತ್ತು ಸೇರಿಸಿದರು: ಗೋದಾಮನ್ನು ಬಿಟ್ಟುಕೊಡುವ ದಿನದ ಒಳಗೆ ಮುಗಿಯಬೇಕು.

ಎರಡನೆಯ ವಾರದಲ್ಲಿ ಲೋಟ ಹಾರಲು ಶುರುವಾಯಿತು.

ಹಿಂದಿನ ದಿನ ತೆಗೆದದ್ದನ್ನು ಎಡಿಟರ್ ನೋಡಿ ಬೆಳಿಗ್ಗೆ ಫೋನ್ ಮಾಡುತ್ತಿದ್ದ. ಅಣ್ಣನ ಲೋಟದ ಹಿಡಿ ಒಂದು ತುಣುಕಿನಲ್ಲಿ ಗೋಡೆಯ ಕಡೆ, ಇನ್ನೊಂದರಲ್ಲಿ ಕಿಟಕಿಯ ಕಡೆ. ದೃಶ್ಯ ಮತ್ತೆ ತೆಗೆಯಬೇಕು. ಮರುದಿನ ಉಪ್ಪಿನ ಡಬ್ಬಿ. ಅದರ ಮರುದಿನ ಚಮಚ. ನನ್ನ ಟ್ಯಾಬ್‌ನಲ್ಲಿ ಪ್ರತಿ ಶಾಟಿನ ಮುಂಚೆ ತೆಗೆದ ಫೋಟೊ ಇತ್ತು; ಅದರಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಆದರೆ ಫೋಟೊ ತೋರಿಸಿದರೆ ಯಾರು ಕೇಳುತ್ತಾರೆ? ಲಂಡನ್ನಿನಿಂದ ಬಂದ ಪ್ರೊಡ್ಯೂಸರಮ್ಮ ಕ್ಲೇರ್, ತುಂಬ ಸಭ್ಯ ಹೆಂಗಸು, ಬೈಯುವಾಗಲೂ ಥ್ಯಾಂಕ್ಯೂ ಹೇಳುವವಳು, ನನ್ನನ್ನು ಪಕ್ಕಕ್ಕೆ ಕರೆದು, "ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡಬೇಕಾಗುತ್ತದೆ" ಎಂದಳು. ಇಷ್ಟು ವರ್ಷದಲ್ಲಿ ನನ್ನ ಕಣ್ಣು ತಪ್ಪಿಸಿ ಒಂದು ಬೆಂಕಿಕಡ್ಡಿ ಹೊರಳಿದ್ದಿಲ್ಲ. ಆ ರಾತ್ರಿ ಸಾರಿಗೆ ಉಪ್ಪು ಎರಡು ಸಲ ಹಾಕಿದೆ. ಇವರು ಅನ್ನ ಜಾಸ್ತಿ ಕಲಸಿಕೊಂಡು ಉಂಡರು, ಅದು ಇನ್ನೂ ಕೋಪ ತರಿಸಿತು.

ವಿನ್ಸೆಂಟನ ಮೇಲೆ ಹರಿಹಾಯ್ದೆ. "ನಿಮ್ಮ ಜನ ಯಾರೋ ಮೇಜು ಮುಟ್ತಿದ್ದಾರೆ ಮಾರಾಯ್ರೆ."

"ನಮ್ಮವ್ರಿಗೆ ನಿಮ್ಮ ಹೆದರಿಕೆ ಉಂಟು ಅಕ್ಕ. ಆ ಮೇಜಿನ ಹತ್ರ ಸೀನ್ಲಿಕ್ಕೂ ಹೋಗುದಿಲ್ಲ."

ನಿಜವೇ. ಮೇಜಿನ ಹತ್ತಿರ ನಾನು ಫೋಟೊ ತೆಗೆದ ಮೇಲೆ ಹೋಗುತ್ತಿದ್ದವರು ಒಬ್ಬರೇ. ಆ್ಯಕ್ಷನ್ ಎನ್ನುವ ಮುಂಚೆ ಬರ್ನಾರ್ಡ್ ನಟನ ಬಳಿ ಹೋಗಿ, ಮೇಜಿನ ಮೇಲೆ ಕೈಯೂರಿ, ಬಗ್ಗಿ, ಅವನ ಕಿವಿಯಲ್ಲಿ ಏನೋ ಹೇಳಿ ಬರುತ್ತಿದ್ದರು. ಆ ಪಿಸುಮಾತಿಗೆ ದೊಡ್ಡ ಖ್ಯಾತಿ. ಆ ಹೊತ್ತಿನಲ್ಲಿ ಇಡೀ ಯೂನಿಟ್ಟು ತಲೆ ತಗ್ಗಿಸಿ ನಿಲ್ಲುತ್ತಿತ್ತು, ದೇವರಿಗೆ ಮಂಗಳಾರತಿ ಆಗುವಾಗ ನಿಂತ ಹಾಗೆ. ಮಹಾನಿರ್ದೇಶಕರ ಗುಟ್ಟು, ಕೇಳಬಾರದು, ನೋಡಬಾರದು. ನಾನೂ ತಗ್ಗಿಸುತ್ತಿದ್ದೆ. ಅದೇ ನಮ್ಮೆಲ್ಲರ ಮೂರ್ಖತನ.

ಮರುದಿನ ತಗ್ಗಿಸಲಿಲ್ಲ. ಅವರ ಬಾಯಿ ನಟನ ಕಿವಿಯ ಹತ್ತಿರ. ಎಡಗೈ ಮೇಜಿನ ಮೇಲೆ. ಆ ಕೈಯ ಕಿರುಬೆರಳು, ಮಲಗಿದ ಮಗುವಿನ ತಲೆ ತಿರುಗಿಸುವಷ್ಟು ಮೆಲ್ಲಗೆ, ಲೋಟವನ್ನು ತಿರುಗಿಸಿತು.

ಮಧ್ಯಾಹ್ನ ಗಂಜಿಯ ಡಬ್ಬಿ ಕೊಡದೆ ನನ್ನ ಮಡಿಲಲ್ಲೇ ಇಟ್ಟುಕೊಂಡೆ.

"ನೋಡಿದೆ" ಎಂದೆ.

"ಗೊತ್ತಾಯಿತು" ಎಂದರು. ಅವರು ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ; ನನಗೆ ಈಗ ಕನ್ನಡದಲ್ಲೇ ನೆನಪಾಗುತ್ತದೆ. "ನೀನು ಮಾತ್ರ ತಲೆಯೆತ್ತಿ ನಿಂತಿದ್ದೆ."

"ನನ್ನ ಕೆಲಸ ಹೋಗ್ತದೆ ಸರ್."

"ನಿನ್ನನ್ನು ತೆಗೆಯಲು ನಾನು ಬಿಡುವುದಿಲ್ಲ."

"ಯಾಕೆ ಹೀಗೆ ಮಾಡ್ತೀರಿ, ಅದು ಹೇಳಿ."

ಅವರು ಅಡುಗೆಮನೆಯ ಕಡೆ ಬೆರಳು ತೋರಿಸಿದರು. ಅಣ್ಣ ತಮ್ಮನ ಮಾತುಕತೆಯ ದೃಶ್ಯ ಮುಗಿಯದೆ ಕೊನೆಯ ಶಾಟಿಗೆ ಹೋಗುವಂತಿಲ್ಲ, ಅಲ್ಲಿಯವರೆಗೆ ಈ ಸೆಟ್ಟಿನ ಮನೆ ಒಡೆಯುವಂತಿಲ್ಲ ಎಂದರು. ಲೋಟ ಒಮ್ಮೆ ತಿರುಗಿದರೆ ಒಂದು ದಿನ ಸಿಗುತ್ತದೆ. "ನಲವತ್ತು ವರ್ಷ ಅವರನ್ನು ಬೈದೆ, ನನಗೆ ಕೊನೆ ತೆಗೆಯಲು ಬಿಡಲಿಲ್ಲ ಅಂತ. ಈಗ ಬಿಟ್ಟಿದ್ದಾರೆ. ಅಣ್ಣ ಏಳುತ್ತಾನೆ. ಆಮೇಲೆ ನನಗೇನೂ ಕಾಣುತ್ತಿಲ್ಲ."

ಕನಿಕರ ಬರಬೇಕಿತ್ತು. ಬಂದದ್ದು ಸಿಟ್ಟು. ಒಬ್ಬ ಮನುಷ್ಯ ಕುರ್ಚಿಯಿಂದ ಏಳುವುದಕ್ಕೆ ಇಷ್ಟು ಸಂಕಟವೆ? ನಮ್ಮ ಮನೆಯಲ್ಲಿ ಊಟ ಮುಗಿದರೆ ಎಲ್ಲರೂ ಎದ್ದು ಹೋಗುತ್ತಾರೆ, ತಟ್ಟೆಯನ್ನು ಅಲ್ಲೇ ಬಿಟ್ಟು. ಹಾಗಂತ ಹೇಳಿಯೂಬಿಟ್ಟೆ. ಅವರು ನಕ್ಕರು, ಡಬ್ಬಿಗೆ ಕೈ ನೀಡಿದರು. ಕೊಡದೆ ಇರಲಾಗಲಿಲ್ಲ.

"ನಾನು ನಿಮ್ಮ ಹೆಸರು ಹೇಳುದಿಲ್ಲ" ಎಂದೆ. "ಆದ್ರೆ ಮೇಜು ಸರಿ ಉಂಟಾ ಅಂತ ಕೇಳಿದ್ರೆ, ಇದ್ದದ್ದನ್ನೇ ಹೇಳುದು."

ಅಲ್ಲಿಂದ ನಮ್ಮಿಬ್ಬರ ನಡುವೆ ಒಂದು ವಿಚಿತ್ರ ಯುದ್ಧ. ಅವರು ಪಿಸುಮಾತಿಗೆ ಬಗ್ಗಿ ಲೋಟ ತಿರುಗಿಸುವುದು, ಅವರು ಬೆನ್ನು ತಿರುಗಿಸಿದೊಡನೆ ನಾನು ನೋಯುವ ಮೊಣಕಾಲು ಹಿಡಿದುಕೊಂಡು ಓಡಿಹೋಗಿ ನೆಟ್ಟಗೆ ಮಾಡುವುದು. ಅವರು ಸಕ್ಕರೆ ಡಬ್ಬಿಗೆ ಹೋದರೆ ನಾನು ಸಕ್ಕರೆ ಡಬ್ಬಿಗೆ. ಅಣ್ಣನ ಪಾತ್ರದ ನಟ ಪಾಪ, ಉಣ್ಣೆಯ ಸ್ವೆಟರಿನಲ್ಲಿ ಬೆವರುತ್ತ ನಮ್ಮಿಬ್ಬರನ್ನೂ ನೋಡುತ್ತಿದ್ದ. ಬಗಲಿನ ಬೆವರಿನ ಕಲೆ ಬೇರೆ ನನ್ನ ಲೆಕ್ಕಕ್ಕೇ. ಅವನನ್ನು ಒಮ್ಮೆ ಕೇಳಿದೆ, ಕಿವಿಯಲ್ಲಿ ಅವರು ಏನು ಹೇಳುತ್ತಾರೆ ಎಂದು. "ಮಧ್ಯಾಹ್ನ ಏನು ತಿಂದೆ ಅಂತ ಕೇಳ್ತಾರೆ" ಎಂದ.

ಗೋದಾಮು ಬಿಡಬೇಕಾದ ದಿನ ಬಂತು. ಹೊರಗೆ ದೂಳುಗಾಳಿ ಎದ್ದು ತಗಡು ಬಡಿದುಕೊಳ್ಳುತ್ತಿತ್ತು. ಮನೆ ಒಡೆಯುವ ಬಡಗಿಗಳು ಬಂದು ಗೋಡೆಯ ಹಿಂದೆ ತಮ್ಮ ಪೆಟ್ಟಿಗೆಗಳ ಮೇಲೆ ಕೂತಿದ್ದರು. ಕ್ಲೇರ್ ಬೆಳಿಗ್ಗೆಯೇ ಎಲ್ಲರನ್ನು ಸೇರಿಸಿ, ಇಂದು ಮಾತುಕತೆಯ ದೃಶ್ಯ ಮುಗಿಯದಿದ್ದರೆ, ಉಳಿದದ್ದನ್ನು ಇನ್ನೊಬ್ಬ ನಿರ್ದೇಶಕ ನಾಳೆ ಬೇರೆ ಸ್ಟುಡಿಯೋದಲ್ಲಿ ಮುಗಿಸುತ್ತಾನೆ ಎಂದು ತಿಳಿಸಿದಳು. ಅವನಿಗೆ ಕೊನೆ ಗೊತ್ತಿತ್ತು. ತಮ್ಮ ಎದ್ದುಬಂದು ಅಣ್ಣನನ್ನು ತಬ್ಬಿಕೊಳ್ಳುತ್ತಾನೆ. ಕ್ಲೇರ್ ಅದಕ್ಕೂ ಥ್ಯಾಂಕ್ಯೂ ಎಂದಳು.

ಬರ್ನಾರ್ಡ್ ಆ ದಿನವೂ ಬಗ್ಗಿದರು. ನಾನು ಕ್ಯಾಮೆರಾದ ಪಕ್ಕ ನಿಂತು ಅವರ ಕೈಯನ್ನೇ ನೋಡುತ್ತಿದ್ದೆ. ಕಿರುಬೆರಳು ಲೋಟದ ಹಿಡಿಗೆ ತಾಗಿತು, ಅಲ್ಲಿಯೇ ನಿಂತಿತು. ಅವರು ತಲೆಯೆತ್ತಿ ನನ್ನನ್ನು ನೋಡಿ ಕೈ ತೆಗೆದರು. ಶಾಟು ಆಯಿತು. ಮತ್ತೊಂದು, ಮಗದೊಂದು. ಊಟದ ಹೊತ್ತಿಗೆ ತಮ್ಮ ಮಲಗಲು ಹೋದ.

"ವಸಂತಿ ಅಕ್ಕ" ಎಂದು ವಿನ್ಸೆಂಟ್ ಎಲ್ಲರಿಗೂ ಕೇಳುವ ಹಾಗೆ ಕರೆದ. "ಮೇಜು ಮ್ಯಾಚ್ ಆಗ್ತದಾ? ನೀವು ಹೇಳಿದ್ರೆ ಈ ಸೀನು ಖಲಾಸ್."

ಎಲ್ಲರೂ ನನ್ನ ಕಡೆ ತಿರುಗಿದರು. ಬರ್ನಾರ್ಡ್ ಮಾತ್ರ ಕಿಟಕಿಯ ಹಿಮ ನೋಡುತ್ತಿದ್ದರು. ಆಗುವುದಿಲ್ಲ ಎಂದರೆ ಅವರಿಗೆ ಒಂದು ನೆಪ ಸಿಗುತ್ತಿತ್ತು: ನನಗೆ ಬಿಡಲಿಲ್ಲ, ಈ ಸಲವೂ ಬೇರೆಯವರೇ ಮುಗಿಸಿದರು. ಆ ಕತೆಯನ್ನು ಇನ್ನೆಷ್ಟು ಜನರಿಗೆ, ಒಂದು ಪದವೂ ಆಚೀಚೆ ಆಗದ ಹಾಗೆ, ಹೇಳಿಕೊಂಡು ತಿರುಗುತ್ತಿದ್ದರೋ.

"ಆಗ್ತದೆ" ಎಂದೆ.

ಅವರು ಸಿಟ್ಟಿನಿಂದ ನೋಡಿದರು. ನೋಡಲಿ.

ಉಳಿದದ್ದು ಒಂದೇ ಶಾಟು, ಒಂದು ಮಧ್ಯಾಹ್ನ. ದೀಪದವರು ಕಿಟಕಿಯ ಬೆಳಕನ್ನು ಸಂಜೆಯದ್ದಾಗಿ ಮಾಡಿದರು. ನಾನು ನಟನ ಸ್ವೆಟರ್, ತೋಳಿನ ಮಡಿಕೆ, ಎಡ ಹೆಗಲ ಮೇಲಿನ ಪಾತ್ರೆ ಒರೆಸುವ ಬಟ್ಟೆ, ಎಲ್ಲ ಫೋಟೊ ತೆಗೆದು ಹಿಂದೆ ಬಂದೆ. ಬರ್ನಾರ್ಡ್ ಕಿವಿಯಲ್ಲಿ ಏನೂ ಹೇಳಲಿಲ್ಲ. ಆ್ಯಕ್ಷನ್ ಎಂದರು, ಕುರ್ಚಿಯಲ್ಲಿ ಕೂತರು.

ನಟ ಎದ್ದ. ಸ್ಕ್ರಿಪ್ಟು ಅಲ್ಲಿಗೆ ಮುಗಿಯಿತು. ಕಟ್ ಎನ್ನುತ್ತಾರೆಂದು ಅವನೂ ಕಾದ, ನಾವೂ ಕಾದೆವು. ಅವರು ಅನ್ನಲಿಲ್ಲ. ನಿಂತು ನಿಂತು ಅವನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಮೇಜಿನ ಮೇಲಿನ ಲೋಟ ತೆಗೆದು ತೊಳೆದ. ತಮ್ಮನ ಲೋಟವನ್ನೂ ತೊಳೆದ. ಬಟ್ಟೆಯಿಂದ ಎರಡನ್ನೂ ಒರೆಸಿ ಕವುಚಿಟ್ಟ, ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. ತಮ್ಮನ ಕೋಣೆಯ ಕಡೆ ಒಂದು ಹೆಜ್ಜೆ ಇಟ್ಟು ನಿಂತ. ಆಮೇಲೆ ನಿಜವಾಗಿಯೂ ದಣಿದ ಮನುಷ್ಯನ ಹಾಗೆ ವಾಪಸ್ ಬಂದು, ತಾನು ದಿನವಿಡೀ ಕೂತ ಕುರ್ಚಿಯಲ್ಲಲ್ಲ, ತಮ್ಮನ ಕುರ್ಚಿಯಲ್ಲಿ ಕೂತ.

ಗಾಳಿಗೆ ತಗಡು ಬಡಿಯುತ್ತಿತ್ತು. ಬರ್ನಾರ್ಡ್ ಬಹಳ ಹೊತ್ತಿನ ಮೇಲೆ, "ಸಾಕು" ಎಂದರು. ಕಟ್ ಎನ್ನಲಿಲ್ಲ, ಸಾಕು ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಸರಿ ಇದೆಯಾ?" ಎಂದು ಕೇಳಿದರು.

ಸರಿ ಇರಲಿಲ್ಲ. ಬಟ್ಟೆಯನ್ನು ಅವನು ಬಲ ಹೆಗಲಿಗೆ ಹಾಕಿಕೊಂಡಿದ್ದ. ನಿಂತಲ್ಲಿಂದ ಕೂರುವವರೆಗೆ ಎರಡು ಕ್ಯಾಮೆರಾ ಓಡಿದ್ದವು; ಒಂದು ಬರೀ ಅವನ ಮುಖದ ಮೇಲಿತ್ತು, ಎರಡನೆಯದರ ಮುಂದೆ ಅವನ ಕೈ ಅಡ್ಡ ಬಂದು ಒರೆಸುವುದೇ ಕಾಣುತ್ತಿರಲಿಲ್ಲ. ಜೋಡಿಸಿದರೆ ಬಟ್ಟೆ ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾರುತ್ತದೆ. ಈ ಸಲ ಯಾರೂ ಬೇಕೆಂದು ಮಾಡಿದ್ದಲ್ಲ. ಶುದ್ಧ ತಪ್ಪು, ನಾನು ಸಂಬಳ ತೆಗೆದುಕೊಳ್ಳುವುದೇ ಇಂಥದ್ದಕ್ಕೆ.

"ಇಲ್ಲ ಸರ್" ಎಂದೆ. "ಬಟ್ಟೆ ಎಡ ಹೆಗಲಲ್ಲಿತ್ತು, ಈಗ ಬಲ ಹೆಗಲಲ್ಲಿ ಉಂಟು."

ಕ್ಲೇರ್ ಗಡಿಯಾರ ನೋಡಿದಳು. ಬಡಗಿಗಳು ಎದ್ದು ನಿಂತರು. ಇನ್ನೊಂದು ಟೇಕಿಗೆ ಹೊತ್ತಿತ್ತು, ಬೇಕಿದ್ದರೆ ನಾಲ್ಕಕ್ಕೂ ಇತ್ತು. ಲೋಟದ ಹಿಡಿಗಾಗಿ ಇಡೀ ದಿನಗಳನ್ನು ತಿಂದ ಮನುಷ್ಯ ಈಗ ಏನು ಹೇಳುತ್ತಾರೆಂದು ನನಗೆ ಗೊತ್ತೇ ಇತ್ತು. ನಾನಾಗಲೇ ಟ್ಯಾಬ್ ತೆಗೆದು ಹಳೆಯ ಫೋಟೊ ಹುಡುಕುತ್ತಿದ್ದೆ.

"ಇರಲಿ ಬಿಡು" ಎಂದರು ಬರ್ನಾರ್ಡ್.

ಅಷ್ಟೇ. ಕನ್ನಡಕ ಹಾಕಿಕೊಂಡು ಎದ್ದರು, ನಟನ ಭುಜ ತಟ್ಟಿದರು, ನಾಲ್ಕನೆಯ ಗೋಡೆಯಿಲ್ಲದ ಆ ಕಡೆಯಿಂದ ಹೊರಗೆ ಬಂದು, ಚಹಾ ಎಲ್ಲಿ ಎಂದು ವಿನ್ಸೆಂಟನನ್ನು ಕೇಳಿದರು. ನನಗೆ ಮೈಯೆಲ್ಲ ಉರಿಯಿತು. ಹಿಂದೆಯೇ ಹೋಗಿ, "ಸರ್, ಅದು ಸ್ಕ್ರೀನಿನಲ್ಲಿ ಎಲ್ಲರಿಗೂ ಕಾಣ್ತದೆ, ತಪ್ಪು ನನ್ನ ಹೆಸರಿಗೆ ಬರ್ತದೆ" ಎಂದೆ.

"ಬರುತ್ತದೆ" ಎಂದು ಅವರು ಒಪ್ಪಿಕೊಂಡರು. "ಕೊನೆ ನನ್ನ ಹೆಸರಿಗೆ ಬರುತ್ತದೆ." ಚಹಾದ ಕಾಗದದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಮುಖ, ಅಷ್ಟು ದಿನದಲ್ಲಿ ನಾನು ಒಮ್ಮೆಯೂ ನೋಡದಷ್ಟು ಹಗುರವಾಗಿತ್ತು. ಹಿಂದೆ ಮೊದಲ ಗೋಡೆ ಬೀಳುವ ಸದ್ದಾಯಿತು. ಅವರು ತಿರುಗಿ ನೋಡಲಿಲ್ಲ.

ಸಿನಿಮಾ ಒಂದು ವರ್ಷ ಬಿಟ್ಟು ಬಂತು, ಇಲ್ಲಿ ಒಂದೇ ವಾರ ಓಡಿತು. ನಾವು ಮೂವರೂ ಹೋದೆವು. ಕೊನೆಯನ್ನು ಯಾರೂ ಮುಟ್ಟಿರಲಿಲ್ಲ. ಅಣ್ಣ ಲೋಟ ತೊಳೆದ, ಹೆಜ್ಜೆ ಇಟ್ಟ, ವಾಪಸ್ ಬಂದು ತಮ್ಮನ ಕುರ್ಚಿಯಲ್ಲಿ ಕೂತ. ನಮ್ಮ ಮುಂದಿನ ಸಾಲಿನಲ್ಲಿ ಒಬ್ಬರು ಮೂಗು ಒರೆಸಿಕೊಂಡರು. ಬೆಳಕು ಬಂದ ಮೇಲೆ ಶ್ರಾವ್ಯ ನನ್ನ ತೋಳು ಹಿಡಿದಳು.

"ಅಮ್ಮಾ, ದಟ್ ಟವೆಲ್. ಇಟ್ ಚೇಂಜ್ಡ್ ಶೋಲ್ಡರ್ಸ್. ಹೌ ಡಿಡ್ ಯು ಮಿಸ್ ಇಟ್?"

ಇವರೂ ನನ್ನ ಮುಖ ನೋಡಿದರು. ಪರದೆಯ ಮೇಲೆ ಹೆಸರುಗಳು ಏರಿ ಹೋಗುತ್ತಿದ್ದವು. ನನ್ನದು ಬರಲು ಇನ್ನೂ ಬಹಳ ಹೊತ್ತಿತ್ತು.

"ಕಣ್ಣು ತಪ್ಪಿತು" ಎಂದೆ.